ಪುದೀನ ಒಣಗಿಸೋದು ಕುಂಡದಿಂದಲೇ ಶುರು

ನಾನು ಮೊದಲ ಸಲ ಪುದೀನ ಒಣಗಿಸಿದ್ದು ಏಪ್ರಿಲ್‌ನ ಉರಿಬಿಸಿಲಲ್ಲಿ, ಹಪ್ಪಳಕ್ಕೆ ಹಾಸಿದ್ದ ಪಂಚೆಯ ಇನ್ನೊಂದು ತುದಿಯಲ್ಲಿ. ಮಧ್ಯಾಹ್ನಕ್ಕೆ ತಾರಸಿಯೆಲ್ಲ ಘಮಘಮ. ಕೆಳಗಿನ ಮನೆಯವರು ‘ಏನ್ರೀ, ಚಟ್ನಿನಾ?’ ಅಂತ ಕೂಗಿ ಕೇಳಿದರು. ಸಂಜೆ ಡಬ್ಬಿಗೆ ತುಂಬಿದ್ದು ಮಾತ್ರ ಕಂದುಬಣ್ಣದ, ಒಣಹುಲ್ಲಿನ ವಾಸನೆಯ ತರಗು. ಡಬ್ಬಿಗೆ ಸೇರಬೇಕಿದ್ದ ಘಮ ತಾರಸಿ ಪಾಲಾಗಿತ್ತು.

ಪುದೀನದ ವಾಸನೆ ಇರುವುದು ಎಲೆಯ ಮೈಮೇಲೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಚೀಲಗಳಲ್ಲಿ. ಸ್ವಲ್ಪ ಉಜ್ಜಿದರೂ ಸಾಕು, ಒಡೆಯುತ್ತವೆ. ಬಿಸಿ ತಗುಲಿದರೆ ಎಣ್ಣೆ ಆವಿಯಾಗುತ್ತದೆ. ಕರಿಬೇವಿನ ಕತೆ ಬೇರೆ: ಒಂದು ಎಸಳನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿ, ಸೂಜಿಯಲ್ಲಿ ಚುಚ್ಚಿದಂಥ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅದರ ಎಣ್ಣೆ ಎಲೆಯೊಳಗೇ ಹುದುಗಿದೆ. ಒಣಗಿಸುವವರ ಕೆಲಸ ಇಷ್ಟೇ, ಇರುವ ಎಣ್ಣೆಯನ್ನು ಉಳಿಸಿ ನೀರನ್ನು ಮಾತ್ರ ಹೊರಗೆ ಕಳಿಸುವುದು. ಇಲ್ಲದ ಘಮವನ್ನು ಯಾವ ಯಂತ್ರವೂ ತಂದುಕೊಡುವುದಿಲ್ಲ. ಹಾಗಾಗಿ ಮೊದಲು ಕುಂಡ ನೋಡೋಣ.

ಕುಂಡದಲ್ಲಿ

ಸೊಪ್ಪು ಹುಲುಸಾಗಲಿ ಅಂತ ಯೂರಿಯಾ ಸುರಿದರೆ ಎಲೆ ಅಗಲವಾಗುತ್ತದೆ, ಕಣ್ಣಿಗೂ ಚೆಂದ. ಆದರೆ ಅದರಲ್ಲಿ ನೀರೇ ಹೆಚ್ಚು, ವಾಸನೆ ತೆಳು. ಒಣಗಿಸಲು ಬೆಳೆಯುವವರಿಗೆ ತಿಂಗಳಿಗೊಮ್ಮೆ ಒಂದೆರಡು ಹಿಡಿ ಕಾಂಪೋಸ್ಟ್ ಧಾರಾಳ. ಬಿಸಿಲು ದಿನಕ್ಕೆ ನಾಲ್ಕೈದು ಗಂಟೆಯಾದರೂ ಬೇಕು. ಎದುರಿಗೆ ಅಪಾರ್ಟ್‌ಮೆಂಟ್ ಎದ್ದ ಮನೆಯ ಬಾಲ್ಕನಿಯಲ್ಲಿ ಬೆಳೆದ ಪುದೀನ ಉದ್ದಕ್ಕೆ ಜೋತುಬೀಳುತ್ತದೆಯೇ ಹೊರತು ಘಮಿಸುವುದಿಲ್ಲ.

ನೀರಿನ ವಿಷಯದಲ್ಲಿ ಎಲ್ಲಕ್ಕೂ ಒಂದೇ ಅಳತೆ ಇಲ್ಲ. ಪುದೀನಕ್ಕೆ ಮಣ್ಣು ಸದಾ ತೇವವಾಗಿರಬೇಕು. ರೋಸ್‌ಮರಿ, ಥೈಮ್, ಒರೆಗಾನೊ ಮೆಡಿಟರೇನಿಯನ್ ಕಡೆಯ ಒಣನೆಲದವು; ಮೇಲ್ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಕೊಟ್ಟರೆ ಅವುಗಳ ಘಮ ಗಟ್ಟಿಯಾಗುತ್ತದೆ. ಲಾಲ್‌ಬಾಗ್ ನರ್ಸರಿಯಿಂದ ಆಸೆಪಟ್ಟು ತಂದ ರೋಸ್‌ಮರಿಗೆ ದಿನಾ ತಂಬಿಗೆ ನೀರು ಹೊಯ್ದು ಕೊಂದವಳು ನಾನೇ.

ಕೊಯ್ಯುವಾಗ

ಹೂಮೊಗ್ಗು ಬಿಡುವುದಕ್ಕೆ ಸ್ವಲ್ಪ ಮುಂಚೆ, ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕತ್ತರಿಯಲ್ಲಿ ಕತ್ತರಿಸಿ. ಬೇವಿನೆಣ್ಣೆ ಸಿಂಪಡಿಸಿದ್ದರೆ ಒಂದು ವಾರ ಕಾಯಿರಿ, ಇಲ್ಲವಾದರೆ ಆ ಕಹಿಯೂ ಸೊಪ್ಪಿನ ಜೊತೆ ಒಣಗಿ ಕೂರುತ್ತದೆ. ಬೆಂಗಳೂರಿನ ದೂಳು ಗೊತ್ತಲ್ಲ, ತೊಳೆಯದೆ ವಿಧಿಯಿಲ್ಲ. ಅಗಲ ಪಾತ್ರೆಯಲ್ಲಿ ಕಡ್ಡಿ ಸಮೇತ ಅದ್ದಿ ತೆಗೆಯಿರಿ, ಬಟ್ಟೆಯಂತೆ ಹಿಂಡಬೇಡಿ. ಜಜ್ಜಿಹೋದ ಕಡೆ ಎಲೆ ಕಪ್ಪಾಗುತ್ತದೆ. ನೀರಿಳಿಯಲು ಒಂದರ್ಧ ಗಂಟೆ ಕಡ್ಡಿಗಳನ್ನು ತಲೆಕೆಳಗಾಗಿ ನೇತುಹಾಕಿ.

ಒಣಗಿಸುವಾಗ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದಲ್ಲ, ಅಲ್ಲಿಂದ ಯುಗಾದಿವರೆಗಿನ ಒಣಗಾಳಿ ನಮ್ಮೂರಿಗೆ ಸಿಕ್ಕ ವರ. ಹಪ್ಪಳ ಸಂಡಿಗೆಗೆ ಬಿಸಿಲು ಬೇಕು, ಸೊಪ್ಪಿಗೆ ಗಾಳಿ ಬೇಕು. ನೇರ ಬಿಸಿಲು ಎಲೆಯ ಹಸಿರನ್ನೂ ಕೆಡಿಸುತ್ತದೆ, ಎಣ್ಣೆಯನ್ನೂ ಹಾರಿಸುತ್ತದೆ. ಕಿಟಕಿ ತೆರೆದ ನೆರಳಿನ ಕೋಣೆಯಲ್ಲಿ ಜರಡಿಯ ಮೇಲೋ ಮೊರದ ಮೇಲೋ ಒಂದೇ ಪದರ ಹರಡಿ, ಮೇಲೆ ತೆಳು ಹತ್ತಿಬಟ್ಟೆ ಹೊದಿಸಿ, ದಿನಕ್ಕೊಮ್ಮೆ ಮೆಲ್ಲಗೆ ಮಗುಚಿ. ಜರಡಿಯನ್ನು ನಾಲ್ಕು ಲೋಟಗಳ ಮೇಲಿಟ್ಟರೆ ಕೆಳಗಿನಿಂದಲೂ ಗಾಳಿ ಆಡುತ್ತದೆ. ನಾಲ್ಕೈದು ದಿನಕ್ಕೆ ಪುದೀನ ಗರಿಗರಿ. ಎಲೆಯಷ್ಟೇ ಅಲ್ಲ, ನಡುನರವೂ ‘ಪಟ್’ ಎಂದು ಮುರಿಯಬೇಕು. ಬಾಗಿದರೆ ಇನ್ನೊಂದು ದಿನ ಬಿಡಿ.

ಡಿಹೈಡ್ರೇಟರ್ (ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ) ಇದ್ದವರು 40 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ. ‘60ಕ್ಕಿಟ್ಟರೆ ಬೇಗ ಆಗುತ್ತೆ’ ಎನ್ನುವವರಿಗೆ ಬೇಗ ಸಿಗುವುದು ಹಸಿರು ಹೊಟ್ಟು. ಕರಿಬೇವಿಗೆ ನನ್ನ ಓಟು ಮೈಕ್ರೋವೇವ್‌ಗೆ: ಎರಡು ಕಾಗದದ ಟವೆಲ್ ನಡುವೆ ಒಂದು ಪದರ ಎಲೆ, ಒಮ್ಮೆಗೆ 30 ಸೆಕೆಂಡು, ಪ್ರತಿ ಸಲವೂ ತೆಗೆದು ನೋಡಿ. ಒಟ್ಟು ಎರಡು ಮೂರು ನಿಮಿಷಕ್ಕೆ ಬಣ್ಣ ಕೆಡದೆ ಒಣಗುತ್ತದೆ. ಪಕ್ಕದಿಂದ ಕದಲಬೇಡಿ, ಕಾಗದ ಹೊತ್ತಿಕೊಳ್ಳಬಹುದು.

ಮಳೆಗಾಲದಲ್ಲಿ ನೆರಳಿನಲ್ಲಿಟ್ಟದ್ದು ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ಆಗ ಫ್ರಾಸ್ಟ್-ಫ್ರೀ, ಅಂದರೆ ಒಳಗೆ ಮಂಜು ಕಟ್ಟದ ಫ್ರಿಜ್ಜೇ ಗತಿ. ತಟ್ಟೆಗೆ ಕಾಗದ ಹಾಸಿ, ಎಲೆ ಹರಡಿ, ಮುಚ್ಚದೆ ವಾರ ಹತ್ತು ದಿನ ಬಿಡಿ. ಅಲ್ಲಿಯ ತಂಪು ಒಣಗಾಳಿ ನಿಧಾನವಾಗಿ ನೀರೆಳೆಯುತ್ತದೆ. ಹೆಚ್ಚಿದ ಈರುಳ್ಳಿಯನ್ನು ಮಾತ್ರ ಅದೇ ಶೆಲ್ಫಿನಲ್ಲಿ ಇಡಬೇಡಿ.

ಎಲ್ಲವನ್ನೂ ಒಣಗಿಸುವ ಹುಮ್ಮಸ್ಸೂ ಬೇಡ. ಕೊತ್ತಂಬರಿಯ ಘಮ ಒಣಗಿದ ಕೂಡಲೇ ಹಾರಿಹೋಗುತ್ತದೆ. ಅದನ್ನು ಹೆಚ್ಚಿ ಫ್ರೀಜರ್‌ಗೆ ಹಾಕಿ. ದೊಡ್ಡಪತ್ರೆಯ ದಪ್ಪ ಎಲೆ ಒಣಗುವುದರೊಳಗೆ ತಾಳ್ಮೆ ಮುಗಿಯುತ್ತದೆ, ತಂಬುಳಿಗೆ ಹಸಿಯೇ ಇರಲಿ. (ಅದರ ವಾಸನೆಯೂ ಪಿಜ್ಜಾ ಮೇಲಿನ ಒರೆಗಾನೊ ವಾಸನೆಯೂ ದಾಯಾದಿಗಳೇ, ಎರಡರಲ್ಲೂ ಕಾರ್ವಕ್ರಾಲ್ ಎಂಬ ಘಮದ ರಾಸಾಯನಿಕ ಇದೆ.) ಮೆಂತ್ಯದ್ದು ಇದಕ್ಕೆ ತದ್ವಿರುದ್ಧ, ಒಣಗಿದ ಮೇಲೇ ಅದಕ್ಕೆ ಕಳೆ. ಅಸಲಿ ಕಸೂರಿ ಮೇಥಿ ಬೇರೆ ಜಾತಿಯದಾದರೂ ಗಾಂಧಿ ಬಜಾರಿನ ಕಟ್ಟಿನಿಂದ ಒಣಗಿಸಿದ್ದು ಚಪಾತಿ ಹಿಟ್ಟಿಗೆ ಚೆನ್ನಾಗಿಯೇ ಒಗ್ಗುತ್ತದೆ.

ಪುಡಿ ಮಾಡದೆ, ಇಡೀ ಎಲೆಯಾಗಿಯೇ ಗಾಜಿನ ಬಾಟಲಿಗೆ ತುಂಬಿ. ಮಾರನೇ ದಿನ ಗಾಜಿನ ಒಳಮೈ ಮಬ್ಬಾಗಿದ್ದರೆ ತೇವ ಉಳಿದಿದೆ, ಮತ್ತೆ ಜರಡಿಗೆ ಸುರಿಯಿರಿ. ಒಲೆಯ ಮೇಲಿನ ಶೆಲ್ಫಿನಲ್ಲಿ ಇಡಬೇಡಿ, ಕತ್ತಲಿನ ತಂಪು ಕಪಾಟು ಲೇಸು. ಒಂದು ದೊಡ್ಡ ಚಮಚ ಹೆಚ್ಚಿದ ಹಸಿ ಸೊಪ್ಪಿನ ಜಾಗಕ್ಕೆ ಒಂದು ಟೀ ಚಮಚ ಒಣ ಎಲೆ ಸಾಕು. ಮಜ್ಜಿಗೆ ಲೋಟದ ಮೇಲೇ ಅಂಗೈಯಲ್ಲಿ ಉಜ್ಜಿ ಉದುರಿಸಿ.