ಕಿರುಬೆರಳ ಪಕ್ಕದ ಒಂದು ರೂಪಾಯಿ ಜಾಗ

ಸ್ಕೇಟ್‌ಬೋರ್ಡ್ ಆಡುವವರ ಶೂ ಹರಿಯುವುದು ಯಾವಾಗಲೂ ಒಂದೇ ಕಡೆ. ನಾನು ಬೋರ್ಡಿನ ಮೇಲೆ ಎಡಗಾಲು ಮುಂದಿಟ್ಟು ನಿಲ್ಲುವವನು. ಹಾಗಾಗಿ ನನ್ನ ಎಡ ಶೂವಿನ ಹೊರಬದಿಯಲ್ಲಿ, ಕಿರುಬೆರಳು ಕೂರುವಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಜಾಗ ಮೊದಲು ನುಣುಪಾಗುತ್ತದೆ, ಆಮೇಲೆ ನೂಲು ಬಿಚ್ಚುತ್ತದೆ, ಕೊನೆಗೆ ಸಾಕ್ಸ್ ಕಾಣಲು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಬಲಗಾಲಿನದ್ದರ ಮೇಲ್ಮೈ ಅಂಗಡಿಯಿಂದ ತಂದ ಹಾಗೇ ಇರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಆಡಲು ಕಲಿತೆ, ಅಲ್ಲೇ ನಾಲ್ಕು ಜೋಡಿ ಹೀಗೆ ಮುಗಿಸಿದೆ. ತೂತಾದರೆ ಹೊಸತು ತರುವುದು, ಅಷ್ಟೇ ಗೊತ್ತಿದ್ದದ್ದು.

2020ರ ಮಾರ್ಚಿನಲ್ಲಿ ಊರಿಗೆ ಬಂದೆ. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ತೋಟದ ಮೇಲಿನ ಗುಡ್ಡೆಯಲ್ಲಿ. ಬಂದ ಕೆಲವೇ ದಿನಗಳಲ್ಲಿ ಕೊರೋನಾದಿಂದಾಗಿ ಕೇರಳ, ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಸುರಿದರು. ಆಸ್ಪತ್ರೆಗೆಂದು ಮಂಗಳೂರಿಗೆ ಹೋಗಬೇಕಾದವರೇ ದಾರಿಯಿಲ್ಲದೆ ಒದ್ದಾಡಿದ ದಿನಗಳವು, ಕೊರಿಯರ್ ಬರುವ ಮಾತೇ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಜೋಡಿ, 4,500 ರೂಪಾಯಿ ಕೊಟ್ಟದ್ದು, ಎಡಗಾಲಿನದ್ದು ಆಗಲೇ ತೆಳ್ಳಗಾಗಿತ್ತು. ಆಡಲು ಇದ್ದದ್ದು ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ. ಹಣ್ಣಡಿಕೆ ಒಣಗಿ ಚಾಲಿ ಆಗಲು ನಲವತ್ತು, ನಲವತ್ತೈದು ದಿನದ ಬಿಸಿಲು ಬೇಕು. ಅಂಗಳ ತುಂಬ ಅಡಿಕೆ ಹರಡಿತ್ತು. ಅಪ್ಪ ಒಂದು ಬದಿಯ ಅಡಿಕೆಯನ್ನು ಹಲುಬೆಯಿಂದ ಎಳೆದು ನನಗೆ ಮೂರು ಮಾರು ಜಾಗ ಬಿಟ್ಟುಕೊಟ್ಟರು. ಅಷ್ಟರಲ್ಲಿ ಓಡಿಸಲಾಗುವುದಿಲ್ಲ, ನಿಂತಲ್ಲೇ ಹಾರಬಹುದು. ದಿನಕ್ಕೆ ಐವತ್ತು, ಅರವತ್ತು ಸಲ ಹಾರಿದೆ. ಶೂವಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಬೋರ್ಡಿನ ಮೇಲೆ ಹಚ್ಚುವ ಗ್ರಿಪ್ ಟೇಪ್ ಅಂದರೆ ಉಪ್ಪುಕಾಗದವೇ, ಸಿಲಿಕಾನ್ ಕಾರ್ಬೈಡಿನ ಹರಳು ಕೂರಿಸಿದ್ದು. ಆಲಿ ಎಂಬ ಹಾರಿಕೆಯಲ್ಲಿ ಹಿಂಗಾಲು ಬೋರ್ಡಿನ ಬಾಲವನ್ನು ನೆಲಕ್ಕೆ ಬಡಿಯುತ್ತದೆ, ಮುಂಗಾಲು ಪಾದವನ್ನು ಹೊರಕ್ಕೆ ವಾಲಿಸಿ ಆ ಉಪ್ಪುಕಾಗದದ ಮೇಲೆ ತಿಕ್ಕಿಕೊಂಡು ಮೂತಿಯವರೆಗೆ ಹೋಗುತ್ತದೆ. ಬೋರ್ಡನ್ನು ಗಾಳಿಯಲ್ಲಿ ಸಮ ಮಾಡುವುದೇ ಆ ತಿಕ್ಕು. 1970ರ ದಶಕದ ಕೊನೆಗೆ ಫ್ಲೋರಿಡಾದ ಅಲನ್ ಗೆಲ್ಫಾಂಡ್ ಬೋರ್ಡನ್ನು ಕೈಯಲ್ಲಿ ಹಿಡಿಯದೆ ಹಾರಿದ್ದು ಇದರ ಶುರು, ಅವರ ಅಡ್ಡಹೆಸರೇ ಆಲಿ. ಸಮನೆಲದಲ್ಲಿ ಅದನ್ನು ಮಾಡಿ ತೋರಿಸಿದ್ದು ರಾಡ್ನಿ ಮಲೆನ್. ಅಂದಿನಿಂದ ಈ ಆಟದಲ್ಲಿ ಶೂವಿನ ಅಡಿಗಿಂತ ಬದಿ ಬೇಗ ಸವೆಯುತ್ತದೆ. ತಿಕ್ಕದೆ ಹಾರಲಾಗುವುದಿಲ್ಲ. ಆದ್ದರಿಂದ ತಿಕ್ಕುವ ಜಾಗಕ್ಕೆ ಶೂವಿನದ್ದಲ್ಲದ ಬೇರೊಂದು ಚರ್ಮ ಬೇಕು, ಅದೂ ತೂತಾಗುವ ಮೊದಲೇ.

ಆ ಜಾಗ ಎಲ್ಲಿ ಅಂತ ಕಣ್ಣಂದಾಜಿನಲ್ಲಿ ಹೇಳಲಾಗುವುದಿಲ್ಲ. ನಾನು ಮಾಡುವುದು ಹೀಗೆ: ಹೊಸ ಶೂವಿನ ಹೊರಬದಿಗೆ ಕಿರುಬೆರಳಿನಿಂದ ಲೇಸಿನ ತೂತುಗಳವರೆಗೆ ಸೀಮೆಸುಣ್ಣ ದಪ್ಪಗೆ ಉಜ್ಜುತ್ತೇನೆ. ಹತ್ತು ಆಲಿ ಹಾರಿ ಶೂ ಬಿಚ್ಚಿ ನೋಡಿದರೆ ಸುಣ್ಣ ಎಲ್ಲಿ ಪೂರ್ತಿ ಹೋಗಿದೆಯೋ ಅಲ್ಲೇ ಮುಂದೆ ತೂತು ಬೀಳುವುದು. ನನ್ನದು ನಾನು ಎಣಿಸಿದ್ದಕ್ಕಿಂತ ಅರ್ಧ ಇಂಚು ಹಿಂದೆ ಇತ್ತು. ಕಿಕ್‌ಫ್ಲಿಪ್, ಅಂದರೆ ಹಾರಿದಾಗ ಬೋರ್ಡನ್ನು ಗಾಳಿಯಲ್ಲಿ ಒಂದು ಸುತ್ತು ಉರುಳಿಸುವುದು, ಮಾಡುವವರಿಗೆ ಇನ್ನೊಂದು ಜಾಗವೂ ಸಿಗುತ್ತದೆ, ಬೆರಳ ತುದಿಯ ಹತ್ತಿರ, ಬೋರ್ಡಿನ ಅಂಚನ್ನು ಚಿಮ್ಮುವಲ್ಲಿ. ಸುಣ್ಣ ಹೋದ ಗುರುತಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ. ತೇಪೆ ಆ ಗೆರೆಗಿಂತ ಸುತ್ತಲೂ ಒಂದು ಬೆರಳು ದೊಡ್ಡದಿರಬೇಕು.

ಇದೆಲ್ಲ ಆಮೇಲೆ ಕಲಿತದ್ದು. ಆ ಏಪ್ರಿಲ್‌ನಲ್ಲಿ ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಹಚ್ಚಿ ನೋಡಿದೆ. ಮೊದಲು ಹಚ್ಚಿದ್ದು ಕ್ಷಣದಲ್ಲಿ ಹಿಡಿಯುವ ನೀರಿನಂಥ ಅಂಟು. ಅದು ಹತ್ತಿಬಟ್ಟೆಗೆ ತಾಗಿದರೆ ಬಿಸಿಯೇಳುತ್ತದೆ. ಕ್ಯಾನ್ವಾಸಿನ ಒಳಗೆ ಬೆರಳಿಟ್ಟು ಒತ್ತಿ ಹಿಡಿದಿದ್ದೆ, ಬೆರಳ ತುದಿಯಲ್ಲಿ ಬೊಕ್ಕೆ ಬಂತು. ದಯವಿಟ್ಟು ಹಾಗೆ ಮಾಡಬೇಡಿ. ಒಣಗಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗಿ, ಕಾಲು ಮಡಚಿದಾಗ ಒಡೆದು ಸಾಕ್ಸ್ ಹರಿಯಿತು. ಪೈಪಿನ ಸೋರಿಕೆಗೆ ಹಚ್ಚುವ, ಹಿಟ್ಟಿನ ಹಾಗೆ ನಾದುವ ಅಂಟಿನದ್ದೂ ಅದೇ ಕತೆ. ಆಮೇಲೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ ಕೂರಿಸಿದೆ. ಇದು ನಿಂತಿತು. ಆದರೆ ರಬ್ಬರ್ ಉಪ್ಪುಕಾಗದವನ್ನು ಕಚ್ಚಿ ಹಿಡಿಯುತ್ತದೆ, ಕಾಲು ಜಾರುವುದೇ ಇಲ್ಲ, ಹಾರಿಕೆ ನಡುವಿನಲ್ಲೇ ನಿಲ್ಲುತ್ತದೆ. ಜಾರಲೂಬೇಕು, ಸವೆಯಲೂಬಾರದು. ಅದಕ್ಕೆ ಚರ್ಮವೇ ಆಗಬೇಕು ಅಂತ ಅನ್ನಿಸಿದ್ದು ಅಲ್ಲಿ.

ಬಸ್ಸು ಮತ್ತೆ ಓಡಲು ಶುರುವಾದ ಮೇಲೆ ಕಾಸರಗೋಡಿಗೆ ಹೋದವನು ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಮುಂದೆ ಶೂ ಇಟ್ಟೆ. ಅವರು ಎರಡನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಇದೆಂತ ಮಾರಾಯ್ರೆ, ಒಂದೇ ಕಾಲಿಂದು ಹೀಗೆ ಹೋದದ್ದು? ಬೈಕಿನ ಗೇರಾ?”

“ಅಲ್ಲ ಅಣ್ಣ, ಆಟದ್ದು. ಉಪ್ಪುಕಾಗದಕ್ಕೆ ತಿಕ್ಕುತ್ತದೆ.”

“ಹಾಗಾದ್ರೆ ಬಟ್ಟೆ ಹಾಕಿ ಉಪಯೋಗ ಇಲ್ಲ. ಬಟ್ಟೆಯ ಒಂದು ನೂಲು ಕಡಿದ್ರೆ ಹತ್ತು ನೂಲು ಬಿಚ್ಚಿಕೊಳ್ತದೆ. ಚರ್ಮ ಹಾಗಲ್ಲ, ಅದ್ರ ನಾರು ಒಂದಕ್ಕೊಂದು ಸಿಕ್ಕಿಕೊಂಡು ಉಂಟು.”

ಆ ಮಾತು ಹೇಳಿ ಅವರು ಚೀಲದಿಂದ ಸ್ವೇಡ್‌ನ, ಅಂದರೆ ಮೇಲ್ಮೈ ಮಖಮಲ್ಲಿನ ಹಾಗಿರುವ ಚರ್ಮದ, ತುಂಡುಗಳನ್ನು ತೆಗೆದುಕೊಟ್ಟರು. ಪಕ್ಕದಲ್ಲಿ ಕೂರಿಸಿಕೊಂಡು ಅಂಟಿನ ಕೆಲಸವನ್ನೂ ತೋರಿಸಿದರು. ಈಗ ನಾನು ಮಾಡುವುದು ಅವರ ವಿಧಾನವೇ.

ತೇಪೆಯನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಬೇಕು. ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ. ಕತ್ತರಿಸಿದ ಮೇಲೆ ಅಂಚನ್ನು ಒಳಬದಿಯಿಂದ ಬ್ಲೇಡಿನಲ್ಲಿ ಓರೆಯಾಗಿ ಕೆತ್ತಿ ತೆಳು ಮಾಡಬೇಕು, ಹಪ್ಪಳದ ಅಂಚಿನ ಹಾಗೆ. ಹೀಗೆ ಮಾಡಿದರೆ ತೇಪೆ ಶೂವಿನ ಮೈಗೆ ಸಮವಾಗಿ ಸೇರಿ, ಗ್ರಿಪ್ ಟೇಪಿಗೆ ಸಿಕ್ಕುವಂಥ ಮೆಟ್ಟಿಲು ಉಳಿಯುವುದಿಲ್ಲ. ಶೂವಿನ ಆ ಜಾಗವನ್ನು ಉಪ್ಪುಕಾಗದದಿಂದ ತರಿಯಾಗುವ ತನಕ ಉಜ್ಜಿ, ಧೂಳು ಒರೆಸಿ. ಚಪ್ಪಲಿ ಹೊಲಿಯುವವರು ಬಳಸುವ ಹಳದಿ ರಬ್ಬರ್ ಅಂಟನ್ನು ತೇಪೆಗೂ ಶೂವಿಗೂ ಎರಡಕ್ಕೂ ತೆಳ್ಳಗೆ ಸವರಿ. ಇನ್ನು ಕಾಯುವುದು, ನಾನು ಮೊದಲು ಹಾಳು ಮಾಡಿದ್ದು ಇಲ್ಲೇ. ಹಸಿ ಇದ್ದಾಗಲೇ ಒತ್ತಿದರೆ ಒಳಗಿನ ದ್ರಾವಕ ಹೊರಗೆ ಹೋಗಲಾರದೆ ಅಂಟು ಬೆಣ್ಣೆಯ ಹಾಗೇ ಉಳಿಯುತ್ತದೆ. ಹತ್ತು, ಹದಿನೈದು ನಿಮಿಷ ಬಿಟ್ಟು ಬೆರಳಿನಿಂದ ಮುಟ್ಟಿ ನೋಡಿ. ಬೆರಳಿಗೆ ಅಂಟು ಬರಬಾರದು, ಆದರೆ ಮುಟ್ಟಿದ್ದು ಗೊತ್ತಾಗಬೇಕು. ಆಗ ಒಂದು ತುದಿಯಿಂದ ಕೂರಿಸುತ್ತ ಬನ್ನಿ. ಒಮ್ಮೆ ತಾಗಿದರೆ ಸರಿಸಲು ಆಗುವುದಿಲ್ಲ. ಶೂವಿನ ಒಳಗೆ ದುಂಡನೆಯ ಮರದ ತುಂಡು ಇಟ್ಟು ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲ ಬಡಿಯಿರಿ. ಮಾರನೇ ದಿನದವರೆಗೆ ಹಾಕಿಕೊಳ್ಳಬೇಡಿ. ಮಳೆಗಾಲದಲ್ಲಿ ಈ ಕಾಯುವ ಹೊತ್ತು ಇನ್ನೂ ಹೆಚ್ಚು ಬೇಕು.

ತೇಪೆಯನ್ನು ಹೊಲಿಯಬೇಕೇ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. ಗೋಣಿ ಹೊಲಿಯುವ ದಬ್ಬಣದಲ್ಲಿ ನೈಲಾನ್ ನೂಲು ಹಾಕಿ ನಾನೂ ಹೊಲಿದು ನೋಡಿದ್ದೇನೆ. ಮೇಲೆ ಎದ್ದು ನಿಂತ ನೂಲು ಮೂರೇ ದಿನಕ್ಕೆ ಕಡಿಯಿತು, ಹೊಲಿಗೆಯ ತೂತಿನಿಂದ ಚರ್ಮವೂ ಹರಿಯಲು ದಾರಿಯಾಯಿತು. ಶೂವಿನಲ್ಲಿ ಮೊದಲೇ ಇರುವ ಹೊಲಿಗೆಗಳನ್ನು ಉಳಿಸುವುದು ಬೇರೆ ಮಾತು. ಕಡ್ಡಿಯ ತುದಿಯಲ್ಲಿ ಆ ನೀರಿನಂಥ ಅಂಟನ್ನು ನೂಲಿನ ಸಾಲಿನ ಮೇಲೆ ಮಾತ್ರ ತೆಳ್ಳಗೆ ಎಳೆದರೆ ನೂಲು ಬಿಚ್ಚುವುದು ತಡವಾಗುತ್ತದೆ. ನನ್ನ ಬೆರಳು ಸುಟ್ಟ ಅಂಟಿಗೆ ಸರಿಯಾದ ಜಾಗ ಅದು.

ತೂತು ಬಿದ್ದೇ ಹೋಗಿದ್ದರೆ ಶೂ ಗೂ ಎಂಬ ದಪ್ಪನೆಯ ಅಂಟಿದೆ, 1972ರಿಂದ ಅಮೆರಿಕದಲ್ಲಿ ಇರುವಂಥದ್ದು. ಆರಿದ ಮೇಲೂ ರಬ್ಬರಿನ ಹಾಗೆ ಬಾಗುತ್ತದೆ. ಒಳಗಿನಿಂದ ಒಂದು ಬಟ್ಟೆಯ ತುಂಡು ಕೊಟ್ಟು, ಹೊರಗಿನಿಂದ ಇದನ್ನು ತುಂಬಿ, ಒದ್ದೆ ಮಾಡಿದ ಬೆರಳಿನಿಂದ ಸವರಿ ಎರಡು, ಮೂರು ದಿನ ಗಾಳಿಯಾಡುವ ಕಡೆ ಬಿಡಬೇಕು. ವಾಸನೆ ತಲೆಗೆ ಹತ್ತುತ್ತದೆ, ಮುಚ್ಚಿದ ಕೋಣೆಯಲ್ಲಿ ಬೇಡ. ಒಳ್ಳೆಯದೇ, ಆದರೆ ದುಬಾರಿ. ಸ್ವೇಡ್ ತೇಪೆಯಷ್ಟು ಸಲೀಸಾಗಿ ಜಾರುವುದೂ ಇಲ್ಲ.

ಲೇಸಿನ ವಿಷಯ ಸಣ್ಣದು. ಕೆಳಗಿನ ಎರಡು ತೂತು ತಿಕ್ಕುವ ದಾರಿಯಲ್ಲೇ ಇರುತ್ತವೆ. ಅವನ್ನು ಬಿಟ್ಟು ಮೇಲಿನಿಂದ ಕಟ್ಟಿ. ಲೇಸು ಕಡಿದರೆ ಗಂಟು ಹಾಕಿ, ನೈಲಾನಿನದ್ದಾದರೆ ತುದಿಗೆ ಬೆಂಕಿ ತಾಗಿಸಿ ಕರಗಿಸಿ.

ಮಳೆಯ ಬಗ್ಗೆ ಮಾತ್ರ ನಮ್ಮ ಕಡೆಯವರಿಗೆ ಉದ್ದವಾಗಿ ಹೇಳಲೇಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಅಂಗಳದಲ್ಲಿ ಹಾವಸೆ ಕಟ್ಟುತ್ತದೆ, ಆಟ ಶೆಡ್ಡಿನೊಳಗೆ. ಆ ವರ್ಷ ಜುಲೈಯಲ್ಲಿ ಶೂ ಒದ್ದೆಯಾಗಿ ಜಗಲಿಯಲ್ಲಿತ್ತು. ಅಮ್ಮ ಅದನ್ನು ಬಚ್ಚಲಿನ ಒಲೆಯ ದಂಡೆಯಲ್ಲಿಟ್ಟಿದ್ದರು.

“ಬೂಷ್ಟು ಹಿಡೀತದೆ ಅಂತ ಇಟ್ಟದ್ದು ಮಗಾ. ಒಣಗಿದ್ಯಾ ನೋಡು” ಅಂದರು.

ಒಣಗಿತ್ತು. ಆದರೆ ಸುತ್ತಲಿನ ರಬ್ಬರ್ ಪಟ್ಟಿ ಬಾಯಿ ಬಿಟ್ಟಿತ್ತು, ಸ್ವೇಡ್ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಬಿಸಿಗೆ ಅಂಟು ಮೆತ್ತಗಾಗಿ ಬಿಡುತ್ತದೆ. ಅಮ್ಮ ಅಕ್ಕರೆಯಿಂದಲೇ ಮಾಡಿದ್ದು. ಒದ್ದೆ ಶೂವನ್ನು ಏನು ಮಾಡಬೇಕೆಂದು ನಾನು ಮನೆಯಲ್ಲಿ ಹೇಳಿರಲಿಲ್ಲ. ಈಗ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಒಳಗಿನ ಅಡಿಹಾಳೆ ತೆಗೆದು, ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಫ್ಯಾನಿನ ಕೆಳಗೆ ಇಡುವುದು. ಮೂರು, ನಾಲ್ಕು ಗಂಟೆಗೊಮ್ಮೆ ಪೇಪರ್ ಬದಲಿಸಬೇಕು. ಬೂಷ್ಟು ಬಂದರೆ ಒಣಗಿದ ಮೇಲೆ ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ಹೊರಗೆ ಹೋಗಿ ಉಜ್ಜುವುದು. ಮುರಕಲ್ಲಿನ ಕೆಂಪು ಧೂಳಿಗೂ ಅದೇ ಬ್ರಷ್. ಧೂಳು ಸ್ವೇಡ್‌ನಲ್ಲಿ ಕೂತರೆ ಅದೂ ಒಳಗಿನಿಂದ ಅರೆಯುತ್ತದೆ. ಹೊಸ ಜೋಡಿಯನ್ನು ವರ್ಷಗಟ್ಟಲೆ ಡಬ್ಬದಲ್ಲಿ ಜೋಪಾನ ಮಾಡುವುದೂ ನಮ್ಮ ಹವೆಗೆ ಆಗುವುದಿಲ್ಲ. ಕೆಲವು ಶೂಗಳ ಅಡಿಯಲ್ಲಿ ಪಾಲಿಯುರಿಥೇನ್ ಇರುತ್ತದೆ, ಅದು ತೇವ ಕುಡಿದು ಹಾಕಿಕೊಳ್ಳದಿದ್ದರೂ ಪುಡಿಯಾಗುತ್ತದೆ.

ಕೊಳ್ಳುವಾಗ ಈಗ ನಾನು ನೋಡುವುದು ಎರಡೇ. ಮುಂಭಾಗ ಪೂರ್ತಿ ಸ್ವೇಡ್ ಇರಬೇಕು, ಸೀಮೆಸುಣ್ಣ ಹೋಗುವ ಜಾಗದಲ್ಲಿ ಹೊಲಿಗೆ ಹಾದುಹೋಗಿರಬಾರದು. ಕ್ಯಾನ್ವಾಸ್ ನನಗೆ ಮೂರು ವಾರ ಬಂದರೆ ಹೆಚ್ಚು, ಸ್ವೇಡ್ ಎರಡು ತಿಂಗಳು ಬಂತು. ಮೊದಲ ದಿನವೇ ತೇಪೆ ಹಾಕಿ, ತೇಪೆ ಸವೆದಾಗ ಅದನ್ನಷ್ಟೇ ಕಿತ್ತು ಹೊಸದು ಹಾಕಿದ ಜೋಡಿ ಏಳು ತಿಂಗಳು ದಾಟಿತು. ಹೊಸ ಶೂವಿಗೆ ತೇಪೆ ಹಚ್ಚಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಆಡುವವರು ಶೂವನ್ನು ತಮ್ಮ ಕಾಲಿಗೆ ತಕ್ಕ ಹಾಗೆ ಕಡಿದು ಅಂಟಿಸಿಕೊಳ್ಳುವುದು ಈ ಆಟದಲ್ಲಿ ಮೊದಲಿನಿಂದ ಬಂದದ್ದು. ವ್ಯಾನ್ಸ್ ಕಂಪನಿ 1989ರಲ್ಲಿ ಸ್ಕೇಟ್‌ಬೋರ್ಡ್ ಆಟಗಾರ ಸ್ಟೀವ್ ಕಬಾಯೆರೊ ಹೆಸರಿನಲ್ಲಿ ಎತ್ತರದ ಶೂ ತಂದಿತ್ತು. ಹುಡುಗರು ಅದರ ಕುತ್ತಿಗೆ ಕತ್ತರಿಸಿ, ಅಂಚಿಗೆ ಟೇಪ್ ಸುತ್ತಿ ಆಡುತ್ತಿದ್ದರು. ಅದನ್ನು ನೋಡಿಯೇ 1992ರಲ್ಲಿ ಕಂಪನಿ ಹಾಫ್ ಕ್ಯಾಬ್ ಎಂಬ ಗಿಡ್ಡ ಶೂ ಮಾಡಿತು, ಇವತ್ತಿಗೂ ಮಾರುತ್ತದೆ.

ಗ್ರಿಪ್ ಟೇಪ್ ಹೊಸದಾಗಿ ಹಚ್ಚಿದ ವಾರ ಶೂವಿಗೆ ಕೆಟ್ಟ ವಾರ. ಮಿಕ್ಕಿದ ಟೇಪಿನ ತುಂಡಿನಿಂದ ಮುಂಗಾಲು ತಿಕ್ಕುವ ಜಾಗವನ್ನು ನಾಲ್ಕಾರು ಸಲ ಉಜ್ಜಿ ಹರಳಿನ ಮೊನೆ ಸ್ವಲ್ಪ ಮುರಿದರೆ ಹಿಡಿತ ಹೋಗುವುದಿಲ್ಲ, ಕಚ್ಚುವುದು ಕಡಿಮೆಯಾಗುತ್ತದೆ. ಇಳಿಜಾರಿನಲ್ಲಿ ಬಲಗಾಲನ್ನು ನೆಲಕ್ಕೆ ಎಳೆದು ನಿಲ್ಲಿಸುವ ಅಭ್ಯಾಸವನ್ನೂ ಕಡಿಮೆ ಮಾಡಿದ್ದೇನೆ, ಎಡಬಲ ಬಳುಕಿಸಿ ವೇಗ ಇಳಿಸುತ್ತೇನೆ. ಬಲ ಶೂವಿನ ಅಡಿ ಉಳಿಯಬೇಕು. ಅದಕ್ಕೊಂದು ಕಾರಣ ಉಂಟು.

ಪೆರ್ಲದಲ್ಲಿರುವ ಅಕ್ಕನ ಮಗ ಎರಡು ವರ್ಷದಿಂದ ನನ್ನ ಜೊತೆ ಆಡುತ್ತಾನೆ. ಅವನು ನಿಲ್ಲುವುದು ಬಲಗಾಲು ಮುಂದಿಟ್ಟು. ಒಂದು ದಿನ ಜಗಲಿಯಲ್ಲಿ ಎರಡೂ ಜೋಡಿ ಶೂ ಪಕ್ಕಪಕ್ಕ ಇದ್ದದ್ದನ್ನು ನೋಡಿ, “ಮಾವ, ನಿಮ್ಮದು ಎಡ ಹೋಗಿದೆ, ನನ್ನದು ಬಲ. ನಂಬರ್ ಒಂದೇ ಅಲ್ವಾ?” ಅಂದ. ಅಂದಿನಿಂದ ಇಬ್ಬರೂ ಒಂದೇ ಬಗೆಯ ಶೂ, ಎಂಟನೇ ನಂಬರು, ಒಟ್ಟಿಗೇ ತರಿಸುತ್ತೇವೆ. ತೇಪೆ ಹಾಕಲೂ ಆಗದಷ್ಟು ಹಾಳಾದ ಮೇಲೆ ನನ್ನ ಬಲ, ಅವನ ಎಡ ಸೇರಿ ಮೂರನೇ ಜೋಡಿಯಾಗುತ್ತದೆ. ಅದನ್ನು ಸರದಿಯಲ್ಲಿ ಹಾಕಿಕೊಳ್ಳುತ್ತೇವೆ. ಈ ಸಲ ಸರದಿ ಅವನದ್ದು. ಮೊನ್ನೆ ಭಾನುವಾರ ಬಂದವನು ಬಲ ಶೂವಿಗೆ ಸೀಮೆಸುಣ್ಣ ಉಜ್ಜಿಕೊಂಡು ಅಂಗಳಕ್ಕೆ ಇಳಿದ. ನಾನು ಅವನಿಗಾಗಿ ಸ್ವೇಡ್ ಕತ್ತರಿಸಲು ಕೂತೆ.