ಬಾಗಿಲ ಹಿಂದೆ ಅಂಟಿಸಬೇಕಾದ ಹಾಳೆ

ಅಪ್ಪನ ಬಾಯಿ ಒಂದು ಬದಿಗೆ ಸೊಟ್ಟಗಾದ ರಾತ್ರಿ ಅವರನ್ನು ಹತ್ತಿರದ ಆಸ್ಪತ್ರೆಗೇ ಕರೆದೊಯ್ದೆ. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಸ್ಕ್ಯಾನ್ ನೋಡದೆ ಕೊಡುವಂತಿಲ್ಲ. ಆದ್ದರಿಂದ ಎಲ್ಲರೂ ಆರೋಗ್ಯವಾಗಿರುವಾಗಲೇ ಸುತ್ತಲಿನ ಆಸ್ಪತ್ರೆಗಳಿಗೆ ಹೋಗಿ ಕೇಳಿ: ನಡುರಾತ್ರಿಯೂ ಸ್ಕ್ಯಾನ್ ಆಗುತ್ತದೆಯೇ? ಪಾರ್ಶ್ವವಾಯುವಿಗೆ, ಹೃದಯಾಘಾತಕ್ಕೆ ಅಲ್ಲಿಯೇ ಚಿಕಿತ್ಸೆ ಇದೆಯೇ? ಉತ್ತರಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ರೋಗಿ ಕೊನೆಯದಾಗಿ ಯಾವಾಗ ಸರಿಯಾಗಿದ್ದರು ಎಂಬುದನ್ನು ವೈದ್ಯರು ಕೇಳಿಯೇ ಕೇಳುತ್ತಾರೆ. ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ.

ಆಂಬುಲೆನ್ಸ್, ಅಗ್ನಿಶಾಮಕ ದಳ, ಪೊಲೀಸರ ಸಂಖ್ಯೆ, ರಾತ್ರಿ ತೆರೆದಿರುವ ಔಷಧದಂಗಡಿ, ಮನೆಯವರ ಮಾತ್ರೆಗಳು, ಅಲರ್ಜಿ ಎಲ್ಲವೂ ಅದೇ ಹಾಳೆಯಲ್ಲಿರಲಿ. ನಿಮ್ಮ ವಿಳಾಸವನ್ನೂ ಬರೆಯಿರಿ. ಆ ರಾತ್ರಿ ನನಗೆ ನಮ್ಮ ಮನೆಯ ಸಂಖ್ಯೆಯೇ ನೆನಪಾಗಲಿಲ್ಲ.

ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಇದು ಓದಿ ಬರುವ ವಿದ್ಯೆಯಲ್ಲ, ದಯವಿಟ್ಟು ಒಂದು ದಿನದ ತರಬೇತಿಗೆ ಹೋಗಿ. ಹೃದಯ ನಿಂತಾಗ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಹತ್ತಿರದಲ್ಲಿ ಎಲ್ಲಿದೆ ಎಂದೂ ಕೇಳಿಕೊಂಡು ಬನ್ನಿ.

ಹಾಳೆಯ ಒಂದು ಪ್ರತಿಯನ್ನು ಪಕ್ಕದ ಮನೆಗೆ ಕೊಡಿ, ಅದರಲ್ಲೂ ಅಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ.