ಜಮೀನಿನ ಜಾಡಿನಲ್ಲಿ ಪೆತ್ರ್ ವೋಕ್: ಒಂದು ಜೀವನಚಿತ್ರವನ್ನು ನಾನು ಕಟ್ಟಿದ ಬಗೆ

ಇಂದಿನ ಜೆಕ್ ದೇಶಕ್ಕೆ ಸೇರಿದ ದಕ್ಷಿಣ ಬೊಹೀಮಿಯದ ರೋಜ್ಮ್‌ಬೆರ್ಕ್ ಮನೆತನದ ಕೊನೆಯ ಒಡೆಯ ಪೆತ್ರ್ ವೋಕ್ (1539–1611) ಕುರಿತು ಕನ್ನಡದಲ್ಲಿ ದೀರ್ಘ ಲೇಖನವೊಂದನ್ನು ಬರೆಯಲು ಕುಳಿತಾಗ, ಜನಜನಿತ ಕಥೆಗಳನ್ನು ಮೊದಲು ಬದಿಗಿಟ್ಟೆ. ಆ ಕಥೆಗಳಲ್ಲಿ ಅವನು ಔತಣಪ್ರಿಯ, ಸ್ತ್ರೀಲೋಲ, ಪಿತ್ರಾರ್ಜಿತವನ್ನು ಕರಗಿಸಿದ ಭೋಗಿ. ಈ ಚಿತ್ರ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರಿಶೀಲಿಸಲು ಅವನ ಆಸ್ತಿಯ ಚರಿತ್ರೆಗಿಂತ ಗಟ್ಟಿಯಾದ ಆಧಾರ ನನಗೆ ಕಾಣಲಿಲ್ಲ. ಹೀಗಾಗಿ ಒಂದೊಂದು ಜಹಗೀರಿಗೆ ಒಂದೊಂದು ಪುಟ ಮೀಸಲಿಟ್ಟು, ಅದು ಯಾರಿಂದ ಬಂತು, ಯಾವ ಹಕ್ಕಿನಿಂದ ಬಂತು, ಯಾವಾಗ ಕೈಬಿಟ್ಟಿತು, ಯಾರಿಗೆ ಹೋಯಿತು ಎಂದು ಬರೆದುಕೊಳ್ಳುತ್ತಾ ಹೋದೆ.

ಇದಕ್ಕೆ ನನಗೆ ಹೆಚ್ಚು ನೆರವಾದವನು ವಾಟ್ಸ್ಲಾವ್ ಬ್ರೆಜಾನ್. ಆ ಮನೆತನದ ದಫ್ತರವನ್ನೂ ಗ್ರಂಥಾಲಯವನ್ನೂ ನೋಡಿಕೊಳ್ಳುತ್ತಿದ್ದ ಅವನು ಪೆತ್ರ್ ವೋಕ್‌ನ ಮತ್ತು ಅವನ ಅಣ್ಣ ವಿಲೇಮ್‌ನ ಜೀವನಚರಿತ್ರೆಗಳನ್ನು ಬರೆದಿಟ್ಟಿದ್ದಾನೆ. ಒಡೆಯನ ಆಶ್ರಯದಲ್ಲಿದ್ದವನ ಬರಹವಾದ್ದರಿಂದ ಅವನ ಹೊಗಳಿಕೆಯನ್ನು ನಾನು ಎಚ್ಚರದಿಂದಲೇ ಓದಿದೆ. ಆದರೆ ಕ್ರಯ, ಸಾಲ, ಪ್ರಯಾಣಗಳ ವಿಷಯದಲ್ಲಿ ದಾಖಲೆಗಳೇ ಅವನ ಕೈಯಲ್ಲಿದ್ದವು ಎಂಬುದನ್ನು ಮರೆಯಲಿಲ್ಲ.

ಪುಟಗಳು ತುಂಬುತ್ತಿದ್ದಂತೆ ಮೊದಲು ಎದ್ದು ಕಂಡದ್ದು ಕಾಲದ ಲೆಕ್ಕ. ಮನೆತನದ ಆಡಳಿತ ಒಬ್ಬ ಯಜಮಾನನ ಕೈಯಲ್ಲಿರುವುದು ಅಲ್ಲಿಯ ಪದ್ಧತಿ, ಮತ್ತು ವಿಲೇಮ್ 1592ರಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನ ಅವನದಾಗಿತ್ತು. ಪೆತ್ರ್ ವೋಕ್ ಮನೆತನದ ಮುಖ್ಯ ನೆಲೆಯಾದ ಚೆಸ್ಕಿ ಕ್ರುಮ್ಲೊವ್‌ನ ಒಡೆಯನಾದದ್ದು ಐವತ್ತು ದಾಟಿದ ಮೇಲೆ. ಅದಕ್ಕೂ ಮೊದಲಿನ ಬದುಕಿನ ಬಹುಭಾಗ ಕಳೆದದ್ದು ಬೆಖಿನೆಯಲ್ಲಿ. 1569ರಲ್ಲಿ ತಾನೇ ಕೊಂಡ ಆ ಜಹಗೀರಿನ ಕೋಟೆಯನ್ನು ಅವನು ನವೋದಯ ಶೈಲಿಯ ಅರಮನೆಯಾಗಿ ಮಾರ್ಪಡಿಸಿದ; 1580ರಲ್ಲಿ ಲುಡಾನಿಟ್ಸೆಯ ಕಟೆರ್ಜಿನಾಳನ್ನು ವರಿಸಿದ್ದೂ, ಕ್ಯಾಥೊಲಿಕನಾದ ಅಣ್ಣನ ದಾರಿ ಬಿಟ್ಟು 1582ರಲ್ಲಿ ಬೊಹೀಮಿಯನ್ ಸಹೋದರರು ಎಂಬ ಪ್ರೊಟೆಸ್ಟಂಟ್ ಪಂಥವನ್ನು ಸೇರಿದ್ದೂ ಇಲ್ಲಿದ್ದ ವರ್ಷಗಳಲ್ಲೇ.

ಅಣ್ಣನಿಂದ ಬಂದದ್ದು ಬರೀ ಜಮೀನಲ್ಲ. ಪ್ರಾಗ್‌ನಲ್ಲಿ ರಾಜ್ಯದ ಅತ್ಯುನ್ನತ ಹುದ್ದೆಯಲ್ಲಿದ್ದು, ನಾಲ್ಕು ಬಾರಿ ಮದುವೆಯಾಗಿ, ರಸವಾದಿಗಳನ್ನು ಸಾಕಿ, ಅರಸನಂತೆ ಬಾಳಿದ್ದ ವಿಲೇಮ್ ಬಿಟ್ಟುಹೋದದ್ದು ದೊಡ್ಡ ಸಾಲದ ಹೊರೆಯನ್ನು. ಈ ಸಾಲವನ್ನು ಪಕ್ಕದಲ್ಲಿಟ್ಟುಕೊಂಡು ಮಾರಾಟಗಳನ್ನು ಕಾಲಕ್ರಮದಲ್ಲಿ ಜೋಡಿಸಿದಾಗ ನನ್ನ ಲೇಖನದ ದಿಕ್ಕೇ ನಿರ್ಧಾರವಾಯಿತು. 1596ರಲ್ಲಿ ಅವನು ಮಾರಿದ್ದು ಬೆಖಿನೆಯನ್ನು, ಅಂದರೆ ಪ್ರೀತಿಯಿಂದ ಕಟ್ಟಿಸಿದ ತನ್ನ ಸ್ವಯಾರ್ಜಿತವನ್ನು. ಪಿತ್ರಾರ್ಜಿತದ ಹೃದಯವಾದ ಕ್ರುಮ್ಲೊವ್ ಎರಡನೆಯ ರುಡಾಲ್ಫ್ ಚಕ್ರವರ್ತಿಯ ಪಾಲಾದದ್ದು 1601ರಲ್ಲಿ. ಹೆಂಡತಿ ತೀರಿಕೊಂಡದ್ದೂ ಅದೇ ವರ್ಷ. ಸಾಲ ಕೊಟ್ಟವರಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ತನ್ನದನ್ನು ಮೊದಲು, ಮನೆತನದ ಕೇಂದ್ರವನ್ನು ಆಮೇಲೆ ಬಿಟ್ಟುಕೊಟ್ಟವನನ್ನು ದುಂದುಗಾರನೆಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ.

ಅವನು ಉಳಿಸಿಕೊಂಡದ್ದು ಏನು ಎಂಬುದೂ ಅಷ್ಟೇ ಮುಖ್ಯ. 1602ರಲ್ಲಿ ಅವನು ನೆಲೆಸಿದ ತ್ರೆಬೋನ್ ಮೀನುಕೆರೆಗಳ ಸೀಮೆ. ಲುಜ್ನಿಟ್ಸೆ ನದಿಯ ನೀರನ್ನು ಕೆರೆಗಳಿಗೆ ಹಾಯಿಸುವ, 45 ಕಿಲೋಮೀಟರಿಗೂ ಉದ್ದದ ‘ಚಿನ್ನದ ಕಾಲುವೆ’ಯನ್ನು ಶ್ತೆಪಾನೆಕ್ ನೆಟೊಲಿಟ್ಸ್ಕಿ ಹದಿನಾರನೆಯ ಶತಮಾನದ ಆರಂಭದಲ್ಲೇ ತೋಡಿಸಿದ್ದ, ವಿಲೇಮ್‌ನ ಕಾಲದಲ್ಲಿ ಯಾಕುಬ್ ಕ್ರ್‌ಚೀನ್ 1584ರಿಂದ 1590ರವರೆಗೆ ರೋಜ್ಮ್‌ಬೆರ್ಕ್ ಕೆರೆಯನ್ನು ಕಟ್ಟಿಸಿದ. ಇಂದಿಗೂ ಜೆಕ್ ದೇಶದ ಅತಿ ದೊಡ್ಡ ಮೀನುಕೆರೆ ಅದೇ. ವಿಸ್ತಾರ ಸುಮಾರು 490 ಹೆಕ್ಟೇರ್. ಅದರ ಏರಿಯ ಮೇಲೆ ನಡೆದು ನೋಡಿದ ಮೇಲೆಯೇ, ಕಾರ್ಪ್ ಮೀನಿನ ಆದಾಯ ಎಂಬ ಒಣ ಮಾತಿನ ಹಿಂದೆ ಎಷ್ಟು ಮಣ್ಣು, ಎಷ್ಟು ಜನರ ಬಿಟ್ಟಿ ದುಡಿಮೆ ಇದೆ ಎಂಬುದು ನನಗೆ ಮನವರಿಕೆಯಾಯಿತು. ಒಡೆಯನ ಚರಿತ್ರೆಯಲ್ಲಿ ಈ ರೈತರಿಗೂ ಜಾಗ ಇರಬೇಕೆಂದು ಅವರ ಬಗ್ಗೆ ಪ್ರತ್ಯೇಕ ಭಾಗವೊಂದನ್ನು ಸೇರಿಸಿದೆ. ವೈಭವದ ಕೋಟೆಯನ್ನು ಬಿಟ್ಟು ವರಮಾನವುಳ್ಳ ಕೆರೆಸೀಮೆಯನ್ನು ಇಟ್ಟುಕೊಂಡದ್ದು ವಿವೇಕದ ಆಯ್ಕೆ ಎಂಬುದು ನನ್ನ ತೀರ್ಮಾನ.

ತ್ರೆಬೋನ್‌ನ ವರ್ಷಗಳ ಬಗ್ಗೆ ಬರೆಯುವಾಗ ಎರಡು ಸಂಗತಿಗಳಿಗೆ ಒತ್ತು ಕೊಟ್ಟೆ. ಬ್ರೆಜಾನ್ ಪಟ್ಟಿ ಮಾಡಿದ, ಹತ್ತು ಸಾವಿರಕ್ಕೂ ಹೆಚ್ಚು ಸಂಪುಟಗಳ ಗ್ರಂಥಾಲಯ ಒಂದು; 1648ರಲ್ಲಿ ಸ್ವೀಡಿಷ್ ಸೈನ್ಯ ಅದನ್ನು ಕೊಳ್ಳೆಹೊಡೆಯಿತು. ಇನ್ನೊಂದು, 1611ರಲ್ಲಿ ದಕ್ಷಿಣ ಬೊಹೀಮಿಯವನ್ನು ಸುಲಿಯುತ್ತಿದ್ದ, ಜರ್ಮನಿಯ ಪಸ್ಸಾವ್‌ನಲ್ಲಿ ಸೇರಿಸಿದ್ದ ಬಾಡಿಗೆ ಸೈನಿಕರ ಸಂಬಳದ ಬಾಕಿ ತೀರಿಸಿ ಅವರನ್ನು ಸಾಗಹಾಕಲು ಅವನು ಮನೆತನದ ಬೆಳ್ಳಿಯನ್ನೇ ನಾಣ್ಯವಾಗಿಸಿದ್ದು.

ಅದೇ ವರ್ಷ ನವೆಂಬರ್ 6ರಂದು ಮಕ್ಕಳಿಲ್ಲದೆ ಅವನು ತೀರಿಕೊಂಡ. ಆದರೂ ನನ್ನ ಪುಟಗಳನ್ನು ಅಲ್ಲಿಗೆ ಮುಗಿಸಲಿಲ್ಲ. ತ್ರೆಬೋನ್ ಉತ್ತರಾಧಿಕಾರದ ಒಪ್ಪಂದದಂತೆ ಶ್ವಾಮ್‌ಬೆರ್ಕ್ ಮನೆತನಕ್ಕೆ ಹೋಯಿತು. ಬೊಹೀಮಿಯದ ಬಂಡಾಯಗಾರರು ಚಕ್ರವರ್ತಿಯ ಸೈನ್ಯಕ್ಕೆ ಸೋತ 1620ರ ಬಿಳಿಬೆಟ್ಟದ ಕದನದ ಬಳಿಕ ಮುಟ್ಟುಗೋಲಾಯಿತು. 1660ರಲ್ಲಿ ಶ್ವಾರ್ಟ್ಸೆನ್‌ಬರ್ಗ್ ಮನೆತನಕ್ಕೆ ಸೇರಿತು. ಎಗ್ಗೆನ್‌ಬರ್ಗ್ ಮನೆತನದ ಕೈಗೆ ಹೋಗಿದ್ದ ಕ್ರುಮ್ಲೊವ್ ಕೂಡ 1719ರಲ್ಲಿ ಅದೇ ಶ್ವಾರ್ಟ್ಸೆನ್‌ಬರ್ಗರನ್ನು ಸೇರಿದಾಗ, ಪೆತ್ರ್ ವೋಕ್‌ನ ಕಾಲದಲ್ಲಿ ಬೇರೆಯಾದ ಎರಡು ಮುಖ್ಯ ಸೀಮೆಗಳು ಮತ್ತೆ ಒಂದೇ ಒಡೆತನಕ್ಕೆ ಬಂದವು.